ಕೆಲಸ ಬಿಡದೆ ಆಸ್ಟಿಯೋಪತಿ ಓದಬಹುದಾ? ಮೊದಲು ಸಾವಿರ ಗಂಟೆಯ ಲೆಕ್ಕ ಹಾಕಿ

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ದಾವಣಗೆರೆಯವನು, ವಯಸ್ಸು 36. ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ಹೋದ ವರ್ಷ ಐಎಲ್‌ಆರ್, ಅಂದರೆ ಇಲ್ಲೇ ಕಾಯಂ ಆಗಿ ನೆಲೆಸುವ ಅನುಮತಿ, ಸಿಕ್ಕಿತು. ಎರಡು ವರ್ಷದ ಹಿಂದೆ ಸೊಂಟ ಹಿಡಿದು ಏಳೋಕೂ ಆಗದೆ ಮಲಗಿದ್ದೆ. ಆಗ ಇಲ್ಲಿನ ಒಬ್ಬ ಆಸ್ಟಿಯೋಪಾತ್ ಕೈಯಿಂದಲೇ ಚಿಕಿತ್ಸೆ ಕೊಟ್ಟು, ವ್ಯಾಯಾಮ ಹೇಳಿಕೊಟ್ಟು ಓಡಾಡುವ ಹಾಗೆ ಮಾಡಿದರು. ಆವತ್ತಿನಿಂದ ಈ ವಿದ್ಯೆ ಕಲಿಯಬೇಕು ಅನ್ನೋದು ತಲೆಯಲ್ಲಿ ಕೂತಿದೆ. ಆದರೆ ಮನೆ ಸಾಲ ಇದೆ, ನಾಲ್ಕು ವರ್ಷದ ಮಗಳಿದ್ದಾಳೆ, ಕೆಲಸ ಬಿಡುವ ಹಾಗಿಲ್ಲ. ವಾರಾಂತ್ಯದ ತರಗತಿಗೆ ಹೋಗಿ ಪಾರ್ಟ್‌ಟೈಮ್‌ನಲ್ಲಿ ಪದವಿ ಮುಗಿಸಬಹುದಾ? ನಾನು ಓದಿದ್ದು ಬಿಇ. ಜೀವಶಾಸ್ತ್ರ ಬಿಟ್ಟು ಬಹಳ ವರ್ಷವಾಯಿತು. ಮುಂದೆ ಊರಿಗೆ ವಾಪಸ್ ಹೋದರೆ ಈ ಪದವಿ ಅಲ್ಲಿ ನಡೆಯುತ್ತಾ?

ಉತ್ತರ: ಮುಗಿಸಬಹುದು. ನಾನೂ ಹಾಗೇ ಓದಿದವಳು. ಲಂಡನ್ನಿನ ಒಂದು ಆಸ್ಪತ್ರೆಯ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತಲೇ ಐದು ವರ್ಷ ಓದಿದೆ. 41ನೇ ವಯಸ್ಸಿಗೆ ಆಸ್ಟಿಯೋಪಾತ್ ಆಗಿ ಹೆಸರು ನೋಂದಾಯಿಸಿಕೊಂಡೆ. ಹಾಗಾಗಿ ಆಸೆ ಬಿಡಿ ಅಂತ ನಾನಂತೂ ಹೇಳುವುದಿಲ್ಲ. ಆದರೆ ನೀವು 'ವಾರಾಂತ್ಯದ ತರಗತಿ' ಅಂತ ಬರೆದಿದ್ದೀರಲ್ಲ, ಅಲ್ಲಿ ಸ್ವಲ್ಪ ನಿಲ್ಲಬೇಕು. ಪಾರ್ಟ್‌ಟೈಮ್ ಓದಲು ಬರುವವರು ಹೆಚ್ಚಾಗಿ ತರಗತಿಯ ಲೆಕ್ಕವನ್ನಷ್ಟೇ ಹಾಕಿಕೊಂಡು ಬರುತ್ತಾರೆ. ಶನಿವಾರ, ಭಾನುವಾರ ಹೇಗೋ ಹೊಂದಿಸಿದರಾಯಿತು ಅಂದುಕೊಳ್ಳುತ್ತಾರೆ. ಅದು ಹೊಂದುತ್ತದೆ ಕೂಡ. ನಿಜವಾಗಿ ಹಿಂಡಿ ಹಾಕುವುದು ಕ್ಲಿನಿಕ್.

ಏನು ಹಾಗಂದರೆ? ಆಸ್ಟಿಯೋಪತಿ ಪದವಿಯಲ್ಲಿ ನಿಜವಾದ ರೋಗಿಗಳನ್ನು, ಶಿಕ್ಷಕರ ಕಣ್ಣೆದುರಿಗೆ, ನೀವೇ ನೋಡಬೇಕು. ಅದಕ್ಕೆ ಕಾಲೇಜುಗಳಿಗೇ ಸೇರಿದ ಕ್ಲಿನಿಕ್‌ಗಳಿರುತ್ತವೆ. ಅಲ್ಲಿ ಸುಮಾರು 1,000 ಗಂಟೆ ಕಳೆಯಬೇಕು. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಸ್ಟಿಯೋಪತಿ ತರಬೇತಿ ಹೇಗಿರಬೇಕು ಅಂತ ಒಂದು ಮಾನದಂಡ ಹೊರತಂದಿತು. ಆರೋಗ್ಯ ಕ್ಷೇತ್ರದ ಹಿನ್ನೆಲೆ ಇಲ್ಲದವರಿಗೆ ಒಟ್ಟು 4,200 ಗಂಟೆ ತರಬೇತಿ, ಅದರಲ್ಲಿ ಕನಿಷ್ಠ 1,000 ಗಂಟೆ ಕ್ಲಿನಿಕ್ ಅಂತ ಅದರಲ್ಲಿದೆ. ಬ್ರಿಟನ್ನಿನ ಕಾಲೇಜುಗಳು ಹಿಡಿದಿರುವುದೂ ಇದೇ ಸಾವಿರ ಗಂಟೆಯನ್ನು. ಪಾರ್ಟ್‌ಟೈಮ್ ಅಂತ ಇದರಲ್ಲಿ ಒಂದು ಗಂಟೆಯೂ ಕಡಿತವಿಲ್ಲ. ಪೂರ್ಣಾವಧಿಯವರು ನಾಲ್ಕು ವರ್ಷದಲ್ಲಿ ಮಾಡುವುದನ್ನು ನೀವು ಐದು ವರ್ಷಕ್ಕೋ ಅದಕ್ಕಿಂತ ಜಾಸ್ತಿ ವರ್ಷಕ್ಕೋ ಹರಡಿಕೊಳ್ಳುತ್ತೀರಿ, ಅಷ್ಟೇ.

ನೀವು ಟೆಸ್ಟಿಂಗ್‌ನವರು, ಲೆಕ್ಕ ನಿಮಗೆ ಹೊಸದಲ್ಲ. ಕ್ಲಿನಿಕ್‌ನಲ್ಲಿ ದಿನಕ್ಕೆ 7 ಗಂಟೆ ಅಂತ ಹಿಡಿಯಿರಿ. ಸಾವಿರ ಗಂಟೆಗೆ 143 ದಿನ ಬೇಕು. ಕ್ಲಿನಿಕ್ ಮುಖ್ಯವಾಗಿ ಕೊನೆಯ ಮೂರು ವರ್ಷದಲ್ಲಿ ಬರುತ್ತದೆ ಅಂದರೆ ವರ್ಷಕ್ಕೆ 48 ದಿನ. ಹತ್ತಿರ ಹತ್ತಿರ ವಾರಕ್ಕೊಂದು ದಿನ. ರೋಗಿಗಳು ಬರುವುದು ಜಾಸ್ತಿ ವಾರದ ದಿನಗಳಲ್ಲಿ. ಹಾಗಾಗಿ ಶನಿವಾರವೇ ಎಲ್ಲ ಮುಗಿಸುತ್ತೇನೆ ಅನ್ನುವ ಹಾಗಿಲ್ಲ. ಬ್ರಿಟನ್ನಿನಲ್ಲಿ ಪೂರ್ಣಾವಧಿ ನೌಕರರಿಗೆ ಕಾನೂನು ಕೊಡುವ ರಜೆ ಬ್ಯಾಂಕ್ ರಜೆಗಳೂ ಸೇರಿ 28 ದಿನ. ಎಲ್ಲವನ್ನೂ ಕ್ಲಿನಿಕ್‌ಗೇ ಸುರಿದರೂ ಸಾಲುವುದಿಲ್ಲ. ಮಗಳಿಗೆ ಜ್ವರ ಬಂದ ದಿನ, ಊರಿಗೆ ಹೋಗಬೇಕಾದ ಮೂರು ವಾರ, ಇವಕ್ಕೆ ಏನೂ ಉಳಿಯುವುದಿಲ್ಲ.

ಹಾಗಾದರೆ ದಾರಿ ಏನು? ಕೊನೆಯ ಎರಡು ಮೂರು ವರ್ಷ ವಾರಕ್ಕೆ ನಾಲ್ಕೇ ದಿನ ಕೆಲಸ ಮಾಡುವ ಹಾಗೆ ಮಾಡಿಕೊಳ್ಳಬೇಕು. ಒಂದೋ ಐದು ದಿನದ ಕೆಲಸವನ್ನು ನಾಲ್ಕು ದಿನಕ್ಕೆ ಒತ್ತಬೇಕು, ಇಲ್ಲವೇ ಒಂದು ದಿನದ ಸಂಬಳ ಬಿಡಬೇಕು. 2024ರ ಏಪ್ರಿಲ್‌ನಿಂದ ಇಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಇಂಥ ಬದಲಾವಣೆ ಕೇಳುವ ಹಕ್ಕಿದೆ. ವರ್ಷಕ್ಕೆ ಎರಡು ಸಲ ಕೇಳಬಹುದು. ಕಂಪನಿ ಎರಡು ತಿಂಗಳೊಳಗೆ ಉತ್ತರ ಕೊಡಬೇಕು. ಕೇಳಿದರೆ ಕೊಟ್ಟೇ ಕೊಡಬೇಕು ಅಂತ ಇಲ್ಲ, ಸರಿಯಾದ ಕಾರಣ ಇದ್ದರೆ ಇಲ್ಲ ಅನ್ನಬಹುದು. ಅದಕ್ಕೇ ಕಾಲೇಜಿಗೆ ಅರ್ಜಿ ಹಾಕುವ ಮೊದಲೇ ಮ್ಯಾನೇಜರ್ ಹತ್ತಿರ ಮಾತಾಡಿ. ನಾನು ಮಾತಾಡಲಿಲ್ಲ. ಮೂರನೇ ವರ್ಷ ಬಂದಾಗ ನೋಡಿಕೊಳ್ಳೋಣ ಅಂದುಕೊಂಡೆ. ಮೂರನೇ ವರ್ಷ ಬಂತು, ಮ್ಯಾನೇಜರ್ ಆಗಲ್ಲ ಅಂದರು. ಆಗ ಉಳಿದಿದ್ದು ರಾತ್ರಿ ಪಾಳಿ. ಶುಕ್ರವಾರ ರಾತ್ರಿ ಲ್ಯಾಬ್, ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಕ್ಲಿನಿಕ್. ಅದರಿಂದ ಏನಾಗಬಹುದಿತ್ತು ಅನ್ನುವುದನ್ನು ಮುಂದೆ ಹೇಳುತ್ತೇನೆ.

ಅದಕ್ಕೆ ಮೊದಲು ಪದವಿಯ ಬಗ್ಗೆ ಎರಡು ಮಾತು. ಈ ಹೆಸರಿನಲ್ಲಿ ಗೊಂದಲ ಜಾಸ್ತಿ. ಆಸ್ಟಿಯೋಪತಿಯನ್ನು ಶುರು ಮಾಡಿದ್ದು ಅಮೆರಿಕದ ಆ್ಯಂಡ್ರೂ ಟೇಲರ್ ಸ್ಟಿಲ್. ಅವರು ಗಡಿನಾಡಿನಲ್ಲಿ ವೈದ್ಯ ಮಾಡಿಕೊಂಡಿದ್ದವರು. 1864ರಲ್ಲಿ ಅವರ ಮೂರು ಮಕ್ಕಳು ಮೆನಿಂಜೈಟಿಸ್‌ನಿಂದ ತೀರಿಕೊಂಡರು. ಆ ಕಾಲದ ಔಷಧಗಳ ಮೇಲೆ ಅವರಿಗೆ ನಂಬಿಕೆ ಹೋಯಿತು. ಮೂಳೆ, ಕೀಲು, ಸ್ನಾಯುಗಳ ಕಡೆಯಿಂದ ದೇಹವನ್ನು ನೋಡುವ ದಾರಿ ಹುಡುಕಿದರು. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಮೊದಲ ಶಾಲೆ ತೆರೆದರು. ಅಲ್ಲಿ ಕಲಿತ ಸ್ಕಾಟ್ಲೆಂಡಿನ ಜಾನ್ ಮಾರ್ಟಿನ್ ಲಿಟಲ್‌ಜಾನ್ 1917ರಲ್ಲಿ ಲಂಡನ್ನಿನಲ್ಲಿ ಬ್ರಿಟಿಷ್ ಸ್ಕೂಲ್ ಆಫ್ ಆಸ್ಟಿಯೋಪತಿ ಸ್ಥಾಪಿಸಿದರು. ಅದು ಮುಂದೆ ಯೂನಿವರ್ಸಿಟಿ ಕಾಲೇಜ್ ಆಫ್ ಆಸ್ಟಿಯೋಪತಿ ಆಯಿತು. 2024ರಲ್ಲಿ ಹೆಲ್ತ್ ಸೈನ್ಸಸ್ ಯೂನಿವರ್ಸಿಟಿಯ ಜೊತೆ ಸೇರಿತು.

ಅಲ್ಲಿಂದ ಎರಡು ದೇಶಗಳ ದಾರಿ ಬೇರೆ ಬೇರೆಯಾಯಿತು. ಅಮೆರಿಕದಲ್ಲಿ ಆಸ್ಟಿಯೋಪತಿ ಓದಿ ಡಿಒ ಪದವಿ ಪಡೆದವರು ಅಂದರೆ ಪೂರ್ಣ ಪ್ರಮಾಣದ ಡಾಕ್ಟರು. ಆಪರೇಷನ್ ಮಾಡುತ್ತಾರೆ, ಔಷಧ ಬರೆಯುತ್ತಾರೆ. ಬ್ರಿಟನ್ನಿನ ಆಸ್ಟಿಯೋಪಾತ್ ಎಂಬಿಬಿಎಸ್ ಡಾಕ್ಟರಲ್ಲ. ಪರೀಕ್ಷೆ ಮಾಡುತ್ತಾರೆ, ಕೈಯಿಂದ ಚಿಕಿತ್ಸೆ ಕೊಡುತ್ತಾರೆ, ವ್ಯಾಯಾಮ ಹೇಳುತ್ತಾರೆ, ತಮ್ಮ ಕೈಲಾಗದ್ದನ್ನು ಡಾಕ್ಟರ ಹತ್ತಿರ ಕಳಿಸುತ್ತಾರೆ. ದಾವಣಗೆರೆಯಲ್ಲಿ ನಿಮ್ಮ ಅಮ್ಮ 'ಮಗ ಡಾಕ್ಟರ್ ಓದ್ತಾ ಇದಾನೆ' ಅನ್ನುವ ಮೊದಲು ಇದನ್ನು ಅವರಿಗೆ ಬಿಡಿಸಿ ಹೇಳಿ.

ಡಾಕ್ಟರಲ್ಲದಿದ್ದರೂ ಕಾನೂನು ಬಿಗಿಯಾಗಿದೆ. 1993ರ ಆಸ್ಟಿಯೋಪಾತ್ಸ್ ಕಾಯ್ದೆಯಿಂದ ಜನರಲ್ ಆಸ್ಟಿಯೋಪಥಿಕ್ ಕೌನ್ಸಿಲ್ ಹುಟ್ಟಿತು. 2000ನೇ ಇಸವಿಯಿಂದ ಆ ಪಟ್ಟಿಯಲ್ಲಿ ಹೆಸರಿಲ್ಲದವರು ಇಲ್ಲಿ ಆಸ್ಟಿಯೋಪಾತ್ ಅಂತ ಬೋರ್ಡು ಹಾಕಿಕೊಂಡರೆ ಅಪರಾಧ. ಪಟ್ಟಿಗೆ ಸೇರಬೇಕಾದರೆ ಕೌನ್ಸಿಲ್ ಮಾನ್ಯ ಮಾಡಿದ ಪದವಿಯೇ ಬೇಕು. ಇದನ್ನು ಒತ್ತಿ ಹೇಳುತ್ತೇನೆ. ಆನ್‌ಲೈನ್‌ನಲ್ಲಿ ಆರು ತಿಂಗಳ ಕೋರ್ಸು, ಹತ್ತು ವಾರಾಂತ್ಯದ ಡಿಪ್ಲೊಮಾ ಅಂತ ಬರುತ್ತವೆ. ಅವುಗಳಲ್ಲಿ ಕೆಲವು ಈಗಾಗಲೇ ಕಲಿತವರು ಇನ್ನಷ್ಟು ಕಲಿಯಲು ಮಾಡಿರುವಂಥವು. ನಿಮ್ಮಂಥ ಹೊಸಬರು ಅವುಗಳಿಂದ ಆಸ್ಟಿಯೋಪಾತ್ ಆಗುವುದಿಲ್ಲ. ಮಾನ್ಯ ಪದವಿಗಳ ಪಟ್ಟಿ ಕೌನ್ಸಿಲ್‌ನ ವೆಬ್‌ಸೈಟಿನಲ್ಲೇ ಇದೆ. ಯಾವ ಕಾಲೇಜಿನ ಬ್ರೋಷರ್ ಕೈಗೆತ್ತಿಕೊಳ್ಳುವ ಮೊದಲೂ ಆ ಪಟ್ಟಿ ನೋಡಿ. ಅದರಲ್ಲಿ ಯಾವುದಕ್ಕೆ ಪಾರ್ಟ್‌ಟೈಮ್ ಇದೆ ಅನ್ನುವುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಫೋನ್ ಮಾಡಿಯೇ ಕೇಳಿ. ನೀವು ರೆಡಿಂಗ್‌ನಲ್ಲಿರುವುದು ಒಳ್ಳೆಯದೇ ಆಯಿತು. ವೇಗದ ರೈಲು ಅರ್ಧ ಗಂಟೆಯೊಳಗೆ ಲಂಡನ್ನಿನ ಪ್ಯಾಡಿಂಗ್‌ಟನ್ ನಿಲ್ದಾಣ ಮುಟ್ಟಿಸುತ್ತದೆ.

ಜೀವಶಾಸ್ತ್ರ ಬಿಟ್ಟಿದ್ದಕ್ಕೆ ಹೆದರಬೇಡಿ. ಪಾರ್ಟ್‌ಟೈಮ್ ತರಗತಿಯಲ್ಲಿ ನಿಮ್ಮ ಪಕ್ಕ ಕೂರುವವರೂ ಜೀವನದ ನಡುವೆ ದಾರಿ ಬದಲಿಸಿದವರೇ. ನನ್ನ ಜೊತೆ ಒಬ್ಬ ಬಡಗಿ ಇದ್ದ, ಒಬ್ಬಳು ನೃತ್ಯ ಕಲಿಸುತ್ತಿದ್ದಳು, ಇಬ್ಬರು ಮಸಾಜ್ ಥೆರಪಿಸ್ಟ್‌ಗಳು, ಒಬ್ಬರು ಐವತ್ತು ದಾಟಿದ ಅಕೌಂಟೆಂಟ್. ಇಂಥವರನ್ನು ಕಾಲೇಜುಗಳು ಸಂದರ್ಶನ ಮಾಡಿ, ಬೇಕಾದರೆ ಮೊದಲು ಒಂದು ವಿಜ್ಞಾನದ ಅಡಿಪಾಯ ಕೋರ್ಸು ಮಾಡಿಸಿ ತೆಗೆದುಕೊಳ್ಳುತ್ತವೆ. ನಿಮ್ಮ ಬಿಇ ಒಂದು ಕಡೆ ಸಹಾಯಕ್ಕೇ ಬರುತ್ತದೆ. ಬೆನ್ನುಮೂಳೆಯ ಮೇಲೆ ಭಾರ ಹೇಗೆ ಬೀಳುತ್ತದೆ, ಕಾಲಿನ ತೊಂದರೆ ಸೊಂಟಕ್ಕೆ ಹೇಗೆ ಹತ್ತುತ್ತದೆ ಅನ್ನುವುದೆಲ್ಲ ಬಲ, ತಿರುಗುಬಲದ ಮಾತೇ ಅಲ್ವಾ.

ಮೊದಲ ಎರಡು ವರ್ಷ ನೆನಪಿನ ಶಕ್ತಿಯ ಪರೀಕ್ಷೆ. ಅಂಗರಚನೆ, ಶರೀರಕ್ರಿಯೆ, ನರವ್ಯೂಹ, ರೋಗಗಳು. ಮುಂಗೈಯಲ್ಲೇ ಇಪ್ಪತ್ತು ಸ್ನಾಯುಗಳಿವೆ. ಪ್ರತಿಯೊಂದೂ ಎಲ್ಲಿ ಶುರು, ಎಲ್ಲಿ ಕೊನೆ, ಯಾವ ನರ, ಏನು ಕೆಲಸ ಅಂತ ಬಾಯಿಗೆ ಬರಬೇಕು. ಇದಕ್ಕೆ ಒಂದೇ ಸಲ ಐದು ಗಂಟೆ ಕೂತು ಉಪಯೋಗವಿಲ್ಲ. ದಿನಾ ನಲವತ್ತು ನಿಮಿಷ, ಆದರೆ ದಿನಾ. ನಾನು ಬಸ್ಸಿನಲ್ಲಿ ಚೀಟಿಗಳನ್ನು ಇಟ್ಟುಕೊಂಡು ಓದಿದೆ. ಅಡುಗೆ ಮಾಡುವಾಗ ನಾನೇ ಧ್ವನಿ ತುಂಬಿದ ರೆಕಾರ್ಡಿಂಗ್ ಕೇಳಿದೆ. ಮಗ ಆಗ ಎರಡನೇ ತರಗತಿ. ಅವನ ಬೆನ್ನ ಮೇಲೆ ಬೆರಳಿಟ್ಟು ಒಂದೊಂದೇ ಕಶೇರುಕ ಎಣಿಸುತ್ತಿದ್ದೆ, ಅವನು ಕಚಗುಳಿ ಅಂತ ಓಡುತ್ತಿದ್ದ. ನಿಮ್ಮ ಮಗಳೂ ಸಹಾಯ ಮಾಡುತ್ತಾಳೆ, ನೋಡಿ.

ಕೈಯ ಕಲಿಕೆ ಇದಕ್ಕಿಂತ ಬೇರೆ. ಅದು ಪುಸ್ತಕದಿಂದಲೂ ವಿಡಿಯೊದಿಂದಲೂ ಬರುವುದಿಲ್ಲ. ಮೊದಲ ತಿಂಗಳು ನಮಗೆ ಒಂದು ಅಭ್ಯಾಸ ಕೊಟ್ಟಿದ್ದರು. ಒಂದು ಕೂದಲೆಳೆಯನ್ನು ಹಾಳೆಯ ಕೆಳಗಿಟ್ಟು ಕಣ್ಣು ಮುಚ್ಚಿ ಬೆರಳಲ್ಲಿ ಹುಡುಕಬೇಕು. ಸಿಕ್ಕರೆ ಇನ್ನೊಂದು ಹಾಳೆ ಸೇರಿಸಬೇಕು. ಹೀಗೇ ಹಾಳೆ ಏರಿಸುತ್ತಾ ಹೋಗಬೇಕು. ಜೋರಾಗಿ ಒತ್ತಿದರೆ ಕೂದಲು ಸಿಗುವುದಿಲ್ಲ, ಹಗುರ ಮಾಡಿದಷ್ಟೂ ಬೆರಳಿಗೆ ಜಾಸ್ತಿ ಗೊತ್ತಾಗುತ್ತದೆ. ನಾನು ತುಮಕೂರು ಕಡೆಯವಳು, ಅವರೆಕಾಯಿ ಕಾಲದಲ್ಲಿ ಮನೆಮಂದಿಯೆಲ್ಲ ಕೂತು ಕಾಳು ಹಿಸುಕುತ್ತಿದ್ದೆವು. ಎಷ್ಟು ಒತ್ತಿದರೆ ಸಿಪ್ಪೆ ಬಿಡುತ್ತದೆ, ಎಷ್ಟಕ್ಕೆ ಕಾಳು ಒಡೆಯುತ್ತದೆ ಅನ್ನುವುದು ಬೆರಳಿಗೇ ಗೊತ್ತಿರುತ್ತಿತ್ತು. ಆಸ್ಟಿಯೋಪತಿಯಲ್ಲಿ ಕೈಗೆ ಬರಬೇಕಾದದ್ದು ಅಂಥ ತಿಳಿವು. ಅದಕ್ಕೆ ಹತ್ತಾರು ದೇಹಗಳನ್ನು ಮುಟ್ಟಬೇಕು. ದಪ್ಪ, ತೆಳ್ಳಗೆ, ವಯಸ್ಸಾದವರು, ಹದಿಹರೆಯದವರು. ಅದಕ್ಕೇ ಈ ಪದವಿಯನ್ನು ಮನೆಯಲ್ಲಿ ಕೂತು ಮಾಡಲು ಆಗುವುದಿಲ್ಲ.

ಇಲ್ಲಿ ನಮ್ಮ ಕಡೆಯವರಿಗೆ ಒಂದು ವಿಷಯ ಮೊದಲೇ ಹೇಳಬೇಕು. ಯಾರೂ ಮೊದಲೇ ಹೇಳುವುದಿಲ್ಲ. ಅಭ್ಯಾಸ ಮಾಡುವುದು ಒಬ್ಬರ ಮೇಲೊಬ್ಬರು. ಬೆನ್ನು, ಪಕ್ಕೆಲುಬು ಕಾಣಬೇಕಲ್ಲ, ಹಾಗಾಗಿ ಶಾರ್ಟ್ಸ್ ಮತ್ತು ಒಳ ಉಡುಪಿನಲ್ಲಿ ಇರಬೇಕಾಗುತ್ತದೆ. ಗಂಡಸರು ಹೆಂಗಸರು ಜೊತೆಗೇ. ನನಗೆ ಮೊದಲ ದಿನ ಮೈ ನಡುಗಿತು. ಮನೆಗೆ ಬಂದು ಇದು ನನ್ನಿಂದ ಆಗಲ್ಲ ಅಂತ ಅತ್ತಿದ್ದೇನೆ. ಮರುವಾರ ಒಬ್ಬ ಶಿಕ್ಷಕಿಯ ಹತ್ತಿರ ಹೋಗಿ ಹೇಳಿಕೊಂಡೆ. ಅವರು ತುಂಬ ಸಮಾಧಾನದಿಂದ ಕೇಳಿಸಿಕೊಂಡರು. ಕ್ರೀಡೆಯವರು ಹಾಕುವಂಥ ಮೇಲುಡುಪು ಹಾಕಿಕೊಳ್ಳಬಹುದು, ಅಭ್ಯಾಸಕ್ಕೆ ಹೆಂಗಸರ ಜೊತೆಯೇ ಶುರು ಮಾಡಬಹುದು ಅಂದರು. ಮುಟ್ಟುವ ಮೊದಲು ಪ್ರತಿ ಸಲವೂ ಕೇಳಬೇಕು, ಬೇಡ ಅಂದರೆ ನಿಲ್ಲಿಸಬೇಕು ಅನ್ನುವುದನ್ನು ಅಲ್ಲಿ ಗಂಭೀರವಾಗಿ ಕಲಿಸುತ್ತಾರೆ. ಇವತ್ತು ನನ್ನ ಹತ್ತಿರ ಸಂಕೋಚದಿಂದ ಬರುವ ಅಜ್ಜಿಯರಿಗೆ, ಬುರ್ಖಾ ಹಾಕಿದ ಹೆಂಗಸರಿಗೆ ಏನನ್ನಿಸುತ್ತದೆ ಅಂತ ನನಗೆ ಗೊತ್ತಾಗುವುದು ಆ ಮೊದಲ ದಿನದಿಂದ.

ಇನ್ನು ನೆಟಿಗೆ. ಆಸ್ಟಿಯೋಪತಿ ಅಂದರೆ ಕಟಕ್ ಅನ್ನಿಸುವುದು ಅಂತ ಜನ ತಿಳಿದಿದ್ದಾರೆ. ಊರಲ್ಲಿ ಕ್ಷೌರದಂಗಡಿಯಲ್ಲಿ ಕತ್ತು ತಿರುಗಿಸಿ ನೆಟಿಗೆ ತೆಗೆಯುವುದನ್ನು ನೋಡಿ ಬೆಳೆದವರಲ್ಲವಾ ನಾವು. ಆ ಸದ್ದು ಮೂಳೆ ಜಾಗಕ್ಕೆ ಕೂತ ಸದ್ದಲ್ಲ. ಕೀಲಿನೊಳಗಿನ ದ್ರವದಲ್ಲಿ ಅನಿಲದ ಗುಳ್ಳೆ ಉಂಟಾದಾಗ ಬರುವ ಸದ್ದು. ಕಲಿಯಬೇಕಾದ ಹತ್ತಾರು ವಿಧಾನಗಳಲ್ಲಿ ಅದೂ ಒಂದು. ಅದನ್ನು ಯಾರಿಗೆ ಮಾಡಬಾರದು ಅನ್ನುವುದನ್ನು ಕಲಿಯಲು, ಮಾಡುವುದನ್ನು ಕಲಿಯುವುದಕ್ಕಿಂತ ಜಾಸ್ತಿ ಸಮಯ ಹೋಗುತ್ತದೆ. ಹಾಗೇ ಹೋಗಬೇಕು ಕೂಡ.

ಈಗ ಆ ಶನಿವಾರದ ವಿಷಯ. ಮೂರನೇ ವರ್ಷ. ರಾತ್ರಿ ಪಾಳಿ ಮುಗಿಸಿ, ಮುಖ ತೊಳೆದುಕೊಂಡು ಕ್ಲಿನಿಕ್‌ಗೆ ಹೋಗಿದ್ದೆ. ಐವತ್ತರ ಆಸುಪಾಸಿನ ಒಬ್ಬರು ಬಂದರು. ಸೊಂಟ ನೋವು, ಎರಡೂ ಕಾಲಿಗೆ ಇಳಿಯುತ್ತಿದೆ ಅಂದರು. ನಾನು ಎಲ್ಲ ಬರೆದುಕೊಂಡು ಶಿಕ್ಷಕರ ಹತ್ತಿರ ಹೋಗಿ ವಿವರಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. 'ಮೂತ್ರ ಹೋಗುವುದರ ಬಗ್ಗೆ ಕೇಳಿದಿರಾ?' ಕೇಳಿರಲಿಲ್ಲ. ಎರಡನೇ ವರ್ಷದಲ್ಲೇ ಕಲಿತ ಪ್ರಶ್ನೆ ಅದು, ನಿದ್ದೆಗಣ್ಣಿನಲ್ಲಿ ಬಿಟ್ಟುಹೋಗಿತ್ತು. ವಾಪಸ್ ಹೋಗಿ ಕೇಳಿದೆ. ನಿನ್ನೆಯಿಂದ ಮೂತ್ರ ಬಂದಿದ್ದು ಗೊತ್ತಾಗುತ್ತಿಲ್ಲ, ಕೂರುವ ಜಾಗ ಮರಗಟ್ಟಿದ ಹಾಗಿದೆ ಅಂದರು. ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲು ಒತ್ತಿಹೋದಾಗ ಬರುವ ಲಕ್ಷಣ ಅದು. ಕಾಡಾ ಎಕ್ವಿನಾ ಅನ್ನುತ್ತಾರೆ. ಬೇಗ ಆಪರೇಷನ್ ಆಗದಿದ್ದರೆ ಮೂತ್ರದ ಹಿಡಿತ ಶಾಶ್ವತವಾಗಿ ಹೋಗಬಹುದು. ಅವರನ್ನು ಆಗಲೇ ಆಸ್ಪತ್ರೆಗೆ ಕಳಿಸಿದೆವು.

ಶಿಕ್ಷಕರು ಇಲ್ಲದಿದ್ದರೆ? ನಾನು ಅವರ ಸೊಂಟ ಉಜ್ಜಿ ಮನೆಗೆ ಕಳಿಸುತ್ತಿದ್ದೆ. ಮರುದಿನವೇ ರಾತ್ರಿ ಪಾಳಿ ಬಿಟ್ಟೆ. ಸಂಬಳ ಕಡಿಮೆಯಾದ ಬೇರೆ ವಿಭಾಗಕ್ಕೆ, ವಾರಕ್ಕೆ ನಾಲ್ಕು ದಿನದ ಕೆಲಸಕ್ಕೆ ಹೋದೆ. ನಿದ್ದೆಯನ್ನು ಕೊಟ್ಟು ಸಮಯ ಕೊಳ್ಳುವ ಲೆಕ್ಕ ಈ ಓದಿಗೆ ಒಗ್ಗುವುದಿಲ್ಲ. ಸಾಫ್ಟ್‌ವೇರ್‌ನಲ್ಲಿ ಒಂದು ದೋಷ ಕಣ್ಣು ತಪ್ಪಿದರೆ ಮುಂದಿನ ರಿಲೀಸ್‌ನಲ್ಲಿ ಸರಿ ಮಾಡಬಹುದು. ಇಲ್ಲಿ ಟೇಬಲ್ ಮೇಲೆ ಮಲಗಿರುವುದು ಯಾರದೋ ಅಪ್ಪ, ಯಾರದೋ ಅಮ್ಮ. ಅದಕ್ಕೇ ಮೊದಲಿನಿಂದ ಆ ಸಾವಿರ ಗಂಟೆಯನ್ನೇ ಹಿಡಿದು ಮಾತಾಡುತ್ತಿದ್ದೇನೆ. ಅವು ಎಚ್ಚರವಾಗಿರುವ ಗಂಟೆಗಳಾಗಬೇಕು.

ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ನಿಮಗೆ ಐಎಲ್‌ಆರ್ ಇದೆ, ಮೂರು ವರ್ಷಕ್ಕಿಂತ ಜಾಸ್ತಿ ಇಲ್ಲೇ ಇದ್ದೀರಿ ಅಂದರೆ ಇಲ್ಲಿಯವರ ಶುಲ್ಕವೇ ನಿಮಗೂ. ಇಂಗ್ಲೆಂಡಿನಲ್ಲಿ 2025-26ಕ್ಕೆ ಪಾರ್ಟ್‌ಟೈಮ್ ಪದವಿಯ ಶುಲ್ಕಕ್ಕೆ ಇರುವ ಗರಿಷ್ಠ ಮಿತಿ ವರ್ಷಕ್ಕೆ 7,145 ಪೌಂಡ್. ಆ ಮಿತಿಯವರೆಗೂ ಹೋದರೆ ಐದು ವರ್ಷಕ್ಕೆ 35,000 ಪೌಂಡ್ ದಾಟುತ್ತದೆ. ಶಿಕ್ಷಣ ಸಾಲ ಸಿಗುತ್ತಾ ಅನ್ನುವುದು ನಿಮ್ಮ ವಿಷಯದಲ್ಲಿ ಸೂಕ್ಷ್ಮ. ಈಗಾಗಲೇ ಒಂದು ಪದವಿ ಇದ್ದವರಿಗೆ, ಅದು ಯಾವ ದೇಶದ್ದೇ ಆಗಿರಲಿ, ಎರಡನೇ ಪದವಿಗೆ ಸಾಲ ಸಿಗುವುದು ಕಷ್ಟ. ಕೆಲವು ವಿನಾಯಿತಿಗಳಿವೆ. ನಿಮ್ಮ ಬಿಇ ಬಗ್ಗೆ ಮುಚ್ಚಿಡದೆ ತಿಳಿಸಿ, ಈ ಸಾಲ ಕೊಡುವ ಸ್ಟೂಡೆಂಟ್ ಫೈನಾನ್ಸ್ ಇಂಗ್ಲೆಂಡ್‌ನಿಂದ ಬರವಣಿಗೆಯಲ್ಲೇ ಉತ್ತರ ತರಿಸಿಕೊಳ್ಳಿ. ಬಾಯಿ ಮಾತಿನ ಮೇಲೆ ಅಡ್ಮಿಷನ್ ಮಾಡಿಸಬೇಡಿ. ಇದಕ್ಕಿಂತ ದೊಡ್ಡ ಖರ್ಚು ಯಾರೂ ಬರೆದುಕೊಳ್ಳದ ಖರ್ಚು, ಅದು ವಾರಕ್ಕೊಂದು ದಿನದ ಸಂಬಳ. ಅದನ್ನು ಮನೆ ಸಾಲದ ಕಂತಿನ ಪಕ್ಕ ಬರೆದು ನೋಡಿ.

ಇದನ್ನು ಓದುವ ಬೇರೆಯವರಿಗೂ ಒಂದು ಮಾತು. ಭಾರತದಿಂದ ಸ್ಟೂಡೆಂಟ್ ವೀಸಾದಲ್ಲಿ ಬಂದು, ಪಾರ್ಟ್‌ಟೈಮ್ ಓದುತ್ತಾ ದುಡಿಯುತ್ತೇನೆ ಅನ್ನುವುದು ಆಗದ ಮಾತು. ಆ ವೀಸಾದಲ್ಲಿ ಪಾರ್ಟ್‌ಟೈಮ್ ಓದುವವರು ಕೆಲಸ ಮಾಡುವ ಹಾಗಿಲ್ಲ. ಏಜೆಂಟರು ಬೇರೆ ಹೇಳಿದರೆ ನಂಬಬೇಡಿ.

ಓದು ಮುಗಿದ ಮೇಲೆ ಜೀವನ ನಡೆಯುತ್ತಾ? ಇಲ್ಲಿ ಬಹುತೇಕ ಆಸ್ಟಿಯೋಪಾತ್‌ಗಳು ಸ್ವಂತ ದುಡಿಮೆಯವರು. 2017ರಲ್ಲಿ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ನಮ್ಮನ್ನೂ ವೈದ್ಯಕೀಯಕ್ಕೆ ಪೂರಕವಾದ ವೃತ್ತಿಗಳ ಗುಂಪಿಗೆ ಸೇರಿಸಿತು. ಆದರೂ ಅಲ್ಲಿ ಕೆಲಸಗಳು ಕಡಿಮೆ. ಹೊಸಬರು ಸಾಮಾನ್ಯವಾಗಿ ಬೇರೆಯವರ ಕ್ಲಿನಿಕ್‌ನಲ್ಲಿ ಸೇರಿ, ರೋಗಿ ಕೊಟ್ಟ ಹಣದಲ್ಲಿ ಒಂದು ಪಾಲು ಪಡೆಯುತ್ತಾರೆ. ರಜೆ ಹಾಕಿದರೆ ದುಡ್ಡಿಲ್ಲ. ಜ್ವರ ಬಂದರೂ ದುಡ್ಡಿಲ್ಲ. ವಿಮೆ, ಕೌನ್ಸಿಲ್ ಶುಲ್ಕ, ಪ್ರತಿ ಮೂರು ವರ್ಷಕ್ಕೆ 90 ಗಂಟೆಯ ಮುಂದುವರಿದ ಕಲಿಕೆ, ಎಲ್ಲ ನಿಮ್ಮ ತಲೆಯ ಮೇಲೆ. ಹೆಸರು ಬಾಯಿಂದ ಬಾಯಿಗೆ ಹರಡಿ ಡೈರಿ ತುಂಬಲು ನನಗೆ ಎರಡು ವರ್ಷ ಹಿಡಿಯಿತು. ಅಲ್ಲಿಯವರೆಗೆ ಲ್ಯಾಬ್ ಕೆಲಸವನ್ನು ವಾರಕ್ಕೆ ಎರಡು ದಿನ ಇಟ್ಟುಕೊಂಡಿದ್ದೆ. ನೀವೂ ಪದವಿ ಬಂದ ದಿನವೇ ರಾಜೀನಾಮೆ ಕೊಡಬೇಡಿ.

ಚಿಕಿತ್ಸೆಯ ಬಗ್ಗೆಯೂ ತೆರೆದ ಕಣ್ಣು ಇರಲಿ. ನಿಮಗೆ ಗುಣವಾಯಿತು, ಸಂತೋಷ. ಆದರೆ ಸೊಂಟ ನೋವು ಬಹಳ ಜನರಿಗೆ ಕೆಲವು ವಾರಗಳಲ್ಲಿ ತಾನಾಗಿಯೂ ತಗ್ಗುತ್ತದೆ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಸಲಹೆ ಕೊಡುವ ಇಲ್ಲಿನ ನೈಸ್ ಸಂಸ್ಥೆ 2016ರಲ್ಲಿ ಸೊಂಟ ನೋವಿಗೆ ಮಾರ್ಗಸೂಚಿ ತಂದಾಗ, ಕೈಯಿಂದ ಮಾಡುವ ಚಿಕಿತ್ಸೆಯನ್ನು ವ್ಯಾಯಾಮದ ಜೊತೆ ಸೇರಿಸಿ ಮಾತ್ರ ಕೊಡಬಹುದು ಅಂದಿತು. ನಿಮಗೆ ಚಿಕಿತ್ಸೆ ಕೊಟ್ಟವರು ವ್ಯಾಯಾಮ ಹೇಳಿಕೊಟ್ಟರು ಅಂತ ಬರೆದಿದ್ದೀರಿ. ಅವರು ಒಳ್ಳೆಯವರು, ಬಿಡಬೇಡಿ. ತಲೆಬುರುಡೆಯ ಮೇಲೆ ಹಗುರಾಗಿ ಕೈಯಿಟ್ಟು ಮಾಡುವ ಕ್ರೇನಿಯಲ್ ವಿಧಾನವನ್ನೂ ಕೆಲವು ಕಡೆ ಕಲಿಸುತ್ತಾರೆ. ಅದಕ್ಕೆ ಆಧಾರ ತೀರಾ ಕಡಿಮೆ. ನಾನು ಅದನ್ನು ಮಾಡುವುದಿಲ್ಲ. ಕಾಲೇಜು ಆರಿಸುವಾಗ ಆಧಾರಗಳನ್ನು ಓದಿ ಪ್ರಶ್ನೆ ಮಾಡುವುದನ್ನು ಎಷ್ಟು ಕಲಿಸುತ್ತಾರೆ ಅಂತ ಕೇಳಿ.

ಇನ್ನು ಊರಿನ ಪ್ರಶ್ನೆ. ಇಲ್ಲಿ ನಿಮಗೆ ಬೇಜಾರಾಗುವ ಉತ್ತರ ಕೊಡಬೇಕಾಗಿದೆ. ಭಾರತದಲ್ಲಿ ಆಸ್ಟಿಯೋಪತಿಗೆ ಅಂತಲೇ ಒಂದು ಕೌನ್ಸಿಲ್ ಇಲ್ಲ, ಬ್ರಿಟನ್ನಿನಲ್ಲಿರುವಂಥ ನೋಂದಣಿ ಪಟ್ಟಿ ಇಲ್ಲ. ಒಡಿಶಾದ ಕಟಕ್ ಬಳಿಯ ಶ್ರೀ ಶ್ರೀ ವಿಶ್ವವಿದ್ಯಾಲಯದಂಥ ಒಂದೆರಡು ಕಡೆ ಕಲಿಸುತ್ತಾರೆ. ಬೆಂಗಳೂರಿನಲ್ಲಿ ಆಸ್ಟಿಯೋಪತಿ ಅಂತ ಬೋರ್ಡುಗಳೂ ಕಾಣುತ್ತವೆ. ಆದರೆ ಅಲ್ಲಿ ನಿಮ್ಮ ಐದು ವರ್ಷದ ಪದವಿಗೂ ಪಕ್ಕದ ಬೀದಿಯವರ ಐದು ದಿನದ ಸರ್ಟಿಫಿಕೇಟಿಗೂ ಕಾನೂನಿನ ಕಣ್ಣಲ್ಲಿ ಇರುವ ವ್ಯತ್ಯಾಸವನ್ನು ಜನರಿಗೆ ನೀವೇ ವಿವರಿಸುತ್ತಾ ಕೂರಬೇಕು. ಕೈ ಉಳುಕಿದರೆ ಪುತ್ತೂರು ಕಟ್ಟಿಗೆ ಹೋಗುವ ಜನ ನಮ್ಮವರು. ಕೈಚಿಕಿತ್ಸೆಯ ಮೇಲೆ ನಂಬಿಕೆ ಇದೆ, ಅದಕ್ಕೆ ಕಾವಲು ಇಲ್ಲ. ಅಲ್ಲಿ ಹೋಗಿ ನೆಲೆಸುವುದು ಖಂಡಿತ ಅಂತಿದ್ದರೆ ಫಿಸಿಯೋಥೆರಪಿಯೇ ಒಳ್ಳೆಯದು. ಅದಕ್ಕೆ ಕಾಲೇಜು, ಆಸ್ಪತ್ರೆ, ಕೆಲಸ ಎಲ್ಲ ಅಲ್ಲಿವೆ. ಇಲ್ಲೇ ಉಳಿದರೂ ಅದನ್ನೊಮ್ಮೆ ನೋಡಿ. ಇಂಗ್ಲೆಂಡಿನಲ್ಲಿ ಸಂಬಳ ಪಡೆಯುತ್ತಲೇ ಫಿಸಿಯೋ ಪದವಿ ಓದುವ ಅಪ್ರೆಂಟಿಸ್‌ಶಿಪ್ ಇದೆ. ಜಾಗಗಳು ಕಡಿಮೆ, ಪೈಪೋಟಿ ಜಾಸ್ತಿ. ಆದರೂ ಮನೆ ಸಾಲ ಇರುವವರು ಅದನ್ನು ತಿಳಿದುಕೊಂಡೇ ನಿರ್ಧಾರ ಮಾಡಬೇಕು. ನನಗೆ ಆಸ್ಟಿಯೋಪತಿಯಲ್ಲಿ ಇಷ್ಟವಾಗುವುದು ಒಬ್ಬ ರೋಗಿಗೆ ಮುಕ್ಕಾಲು ಗಂಟೆ ಕೊಡಬಹುದು ಅನ್ನುವುದು. ಅದು ನಿಮಗೂ ಅಷ್ಟೇ ಮುಖ್ಯವಾ ಅನ್ನುವುದು ನಿಮಗೇ ಗೊತ್ತು.

ಅರ್ಜಿ ಹಾಕುವ ಮೊದಲು ಕಾಲೇಜಿನ ಕ್ಲಿನಿಕ್‌ಗೆ ರೋಗಿಯಾಗಿಯೇ ಒಂದು ಸಲ ಹೋಗಿ ಬನ್ನಿ. ಶುಲ್ಕ ಹೊರಗಿಗಿಂತ ಕಡಿಮೆ. ವಿದ್ಯಾರ್ಥಿಗಳು ಹೇಗೆ ಕೇಳುತ್ತಾರೆ, ಶಿಕ್ಷಕರು ಹೇಗೆ ತಿದ್ದುತ್ತಾರೆ ಅಂತ ಮಲಗಿಕೊಂಡೇ ನೋಡಬಹುದು. ಸೇರಬಯಸುವವರಿಗೆ ಕಾಲೇಜು ತೋರಿಸುವ ಓಪನ್ ಡೇಗೆ ನಿಮ್ಮ ಮನೆಯವರನ್ನೂ ಕರೆದುಕೊಂಡು ಹೋಗಿ. ಐದು ವರ್ಷ ಶನಿವಾರ ಮಗಳನ್ನು ಈಜಿಗೆ, ಕನ್ನಡ ಶಾಲೆಗೆ ಕರೆದೊಯ್ಯುವುದು ಅವರೇ. ಅಜ್ಜಿ ತಾತ ವಿಸಿಟರ್ ವೀಸಾದಲ್ಲಿ ಬಂದರೆ ಒಂದು ಸಲಕ್ಕೆ ಆರು ತಿಂಗಳವರೆಗೆ ಇರಬಹುದು. ಬಂದಾಗ ಮನೆ ಹಗುರವಾಗುತ್ತದೆ, ಆದರೆ ಅದನ್ನೇ ನಂಬಿ ಐದು ವರ್ಷದ ಯೋಜನೆ ಹಾಕಬೇಡಿ. ಅವರು ಬರಬೇಕಾದ್ದು ಮೊಮ್ಮಗಳ ಜೊತೆ ಇರಲು.

ಓಪನ್ ಡೇಯಲ್ಲಿ ಕಟ್ಟಡ ತೋರಿಸುತ್ತಾರೆ, ಅಸ್ಥಿಪಂಜರ ತೋರಿಸುತ್ತಾರೆ. ನೀವು ಟೈಮ್‌ಟೇಬಲ್ ಕೇಳಿ. ಈಗ ಕೊನೆಯ ವರ್ಷದಲ್ಲಿರುವ ಪಾರ್ಟ್‌ಟೈಮ್ ವಿದ್ಯಾರ್ಥಿಗಳ ಕ್ಲಿನಿಕ್ ವಾರದ ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಗೆ, ಬೇಸಿಗೆ ರಜೆಯಲ್ಲೂ ಇದೆಯಾ, ಒಂದು ದಿನ ತಪ್ಪಿದರೆ ಹೇಗೆ ತುಂಬಿಸಿಕೊಳ್ಳುವುದು ಅಂತ. ಆಗಲೇ ಅಲ್ಲಿ ಓದುತ್ತಿರುವ, ಮಕ್ಕಳಿರುವ ಒಬ್ಬರ ಜೊತೆ ಹತ್ತು ನಿಮಿಷ ಮಾತಾಡಿಸಿ ಅಂತ ಕೇಳಿ. ಆ ಟೈಮ್‌ಟೇಬಲ್ ಮನೆಗೆ ತಂದು ನಿಮ್ಮ ಆಫೀಸಿನ ಕ್ಯಾಲೆಂಡರ್ ಪಕ್ಕ ಇಟ್ಟು ಗುರುತು ಹಾಕಿ. ಹೊಂದಿತು ಅಂದರೆ ನನಗೆ ಬರೆಯಿರಿ. ಸಂದರ್ಶನಕ್ಕೆ ಮೊದಲು ಒಂದು ದಿನ ನನ್ನ ಕ್ಲಿನಿಕ್‌ಗೆ ಬಂದು ಕೂರಬಹುದು. ರೋಗಿಗಳ ಒಪ್ಪಿಗೆ ನಾನು ಕೇಳಿಟ್ಟಿರುತ್ತೇನೆ.